ಫ್ರಾನ್ಸಿನ ಕೋಟೆ, ನಮ್ಮ ಗ್ಯಾರೇಜು

ಭಯವಾದಾಗ ಮನುಷ್ಯ ಮೊದಲು ಮುಂಬಾಗಿಲಿಗೇ ಬೀಗ ಹಾಕುತ್ತಾನೆ. ಅಪಾಯ ಬರುವುದಿದ್ದರೆ ಕಾಲಿಂಗ್ ಬೆಲ್ ಒತ್ತಿಯೇ ಬರುತ್ತದೆ ಎಂಬ ನಂಬಿಕೆ. ಅಮೆರಿಕದ ಕೇಟಿ ಎಂಬ ಊರಿನ ನಮ್ಮ ಬೀದಿಯಲ್ಲಿ ಒಂದು ಮನೆಗೆ ಕಳ್ಳ ನುಗ್ಗಿದ ಮೇಲೆ ನಾನೂ ಮುಂಬಾಗಿಲಿಗೆ ಕ್ಯಾಮೆರಾ, ಅಲಾರಂ, ದಪ್ಪನೆಯ ಚಿಲಕ ಎಲ್ಲ ಹಾಕಿಸಿದೆ. ಬಂದವರಿಗೆಲ್ಲ ಅವನ್ನು ತೋರಿಸಿ ಬೀಗುವುದೇ ಕೆಲಸವಾಯಿತು. ಆದರೆ ನಮ್ಮ ಕನ್ನಡದವರು ಊಟಕ್ಕೆ ಬಂದರೆ ಮುಂಬಾಗಿಲನ್ನು ಮುಟ್ಟುವುದೇ ಇಲ್ಲ. ಗ್ಯಾರೇಜಿನ ಬಾಗಿಲು ಮೇಲೆತ್ತಿಟ್ಟಿರುತ್ತೇವೆ. ಚಪ್ಪಲಿ ಅಲ್ಲಿ ಬಿಟ್ಟು ಸೀದಾ ಅಡುಗೆಮನೆಗೆ ಬರುತ್ತಾರೆ.

ಆ ಭಾನುವಾರ ಮಧ್ಯಾಹ್ನವೂ ಹಾಗೇ. ಮನೆ ತುಂಬ ಜನ. ಅರ್ಧ ನನ್ನ ಕಡೆಯವರು, ಅರ್ಧ ಹೆಂಡತಿ ಸುಧಾಳ ಆಫೀಸಿನವರು. ಹತ್ತಿರದ ಶುಗರ್ ಲ್ಯಾಂಡ್ ಊರಿನಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ನಿವೃತ್ತ ಡಾಕ್ಟರು, ದೇಸಾಯಿ ಅಂಕಲ್, ನಮ್ಮನ್ನೆಲ್ಲ ಎರಡನೇ ಮಹಾಯುದ್ಧದ ಆರಂಭಕ್ಕೆ ಕರೆದೊಯ್ದಿದ್ದರು. ಯಾವ ದೇಶದ ಕಾವಲು ಗಟ್ಟಿ ಎಂಬುದು ಚರ್ಚೆ.

"ಫ್ರಾನ್ಸಿನವರು ಗಡಿಗುಂಟ ಕೋಟೆ ಕಟ್ಟಿ ಕುಂತ್ರು, ವೈರಿ ಬಾಜೂ ಅಡವ್ಯಾಗ ಹಾಯ್ದು ಬಂದ. ಡಚ್ಚರು ಹೊಲಕ್ಕ ನೀರು ಬಿಟ್ರು, ಅಂವ ವಿಮಾನದಾಗಿಂದ ಪ್ಯಾರಾಚೂಟ್ ಹಾಕ್ಕೊಂಡು ಇಳದ."

ನಾನು ಇಂಗ್ಲೆಂಡಿನ ಸಮುದ್ರದ ಪರ ವಾದಿಸಿದೆ.

"ಸಮುದ್ರ ಏನ್ ಅವರಪ್ಪ ಕಟ್ಟಿಸಿದ್ದೇನ್ರಿ?" ಎಂದರು ಅಂಕಲ್. ಮನೆಯೆಲ್ಲ ನಕ್ಕಿತು.

ಆ ನಗು ನಿಲ್ಲುವ ಮೊದಲೇ ಒಬ್ಬಾತ ಮೆಟ್ಟಿಲಿಳಿದು ಬಂದ. ತೆಳ್ಳಗಿನ ಮನುಷ್ಯ, ಕಾಲಲ್ಲಿ ಬರೀ ಸಾಕ್ಸು. ಸುಧಾಳ ಆಫೀಸಿನವನು ಅಂದುಕೊಂಡೆ. ಅವನು ಗ್ಯಾರೇಜಿನ ಕಡೆ ತಿರುಗಿದ್ದು ಕಂಡು, ಊಟ ಮಾಡದೆ ಹೋಗಲು ಬಿಡುವುದಿಲ್ಲವೆಂದು ತಟ್ಟೆ ಕೈಗಿಟ್ಟೆ. ಬೇಡವೆಂದ. ಬಿಡದೆ ಬಿಸಿಬೇಳೆ ಬಾತ್ ಬಡಿಸಿದೆ. ಗೋಡೆಗೊರಗಿ ನಿಂತು, ಅಂಕಲ್ ಬಾಯನ್ನೇ ನೋಡುತ್ತ, ನಿಧಾನವಾಗಿ ಪೂರ್ತಿ ತಿಂದ. ಕನ್ನಡ ಬರುವವನಂತೆ, ನಾವು ನಕ್ಕಾಗಲೆಲ್ಲ ಅವನೂ ನಕ್ಕ. ತಟ್ಟೆ ತೊಳೆದಿಟ್ಟು ಹೊರಟುಹೋದ.

ಎಲ್ಲರೂ ಹೋದ ಮೇಲೆ ಸುಧಾ, "ನಿಮ್ಮ ಆ ಫ್ರೆಂಡು ಮಾತೇ ಆಡಲ್ವಲ್ಲ ರೀ" ಅಂದಳು.

"ನನ್ನ ಫ್ರೆಂಡಾ?"

ಇಬ್ಬರೂ ಮಹಡಿಗೆ ಓಡಿದೆವು. ಮಗಳು ಅನಘಾ ಮಂಚದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು.

"ಅವ್ನಾ? ಹಿ ಜಸ್ಟ್ ಸ್ಟುಡ್ ಅಟ್ ಮೈ ಡೋರ್. ಐ ಸೆಡ್ ಹಾಯ್ ಅಂಕಲ್. ಯು ಟೋಲ್ಡ್ ಮಿ ಟು ಸೇ ಹಾಯ್ ಟು ಎವ್ರಿ ಅಂಕಲ್."

"ಎಷ್ಟು ಹೊತ್ತು ನಿಂತಿದ್ದ?"

"ಅ ಲಾಂಗ್ ಟೈಮ್. ದೆನ್ ಯು ಆಲ್ ಲಾಫ್ಡ್, ಸೋ ಹಿ ವೆಂಟ್ ಡೌನ್."

ಮನೆಯಲ್ಲಿ ಒಂದು ಚಮಚವೂ ಕಳುವಾಗಿರಲಿಲ್ಲ. ಇಂದಿಗೂ ನನ್ನನ್ನು ಕಾಡುವುದು ಅದೇ. ಪೊಲೀಸರು ಬಂದು ಮುಂಬಾಗಿಲ ಕ್ಯಾಮೆರಾ ನೋಡಿದರು. ಅದರಲ್ಲಿ ಒಂದು ಅಳಿಲಿತ್ತು. ಅವನ ಮುಖ ಹೇಗಿತ್ತೆಂದು ಕೇಳಿದರು. ನನಗೆ ನೆನಪಿದ್ದುದು ಅವನು ತುಪ್ಪ ಬೇಡ ಅಂದದ್ದು ಮಾತ್ರ.

ಈಗ ಗ್ಯಾರೇಜು ಸದಾ ಮುಚ್ಚಿರುತ್ತದೆ. ರೂಮಿನ ಚಿಲಕ ಹಾಕಿಕೊಳ್ಳಲು ಅನಘಾಗೆ ಕಲಿಸಿದ್ದೇನೆ. ನಮ್ಮ ಧ್ವನಿ ಕೇಳಿಸಿದರೆ ಮಾತ್ರ ತೆಗೆಯಬೇಕು. ಮೊನ್ನೆ ಸಂಜೆ ಅವಳನ್ನು ಊಟಕ್ಕೆ ಕರೆಯಲು ಹೋದೆ. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಅವನು ಇಲ್ಲಿ ನಿಂತು ಏನನ್ನು ನೋಡುತ್ತಿದ್ದ, ಏನು ಮಾಡಬೇಕೆಂದಿದ್ದ ಎಂದು ಯೋಚಿಸುತ್ತ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಒಳಗೆ ಮಗಳು ಫೋನಿನಲ್ಲಿ ತಾಯಿಗೆ ಪಿಸುಗುಡುವುದು ಕೇಳಿಸಿತು: "ಅಮ್ಮಾ, ಸಂಬಡಿ ಈಸ್ ಸ್ಟ್ಯಾಂಡಿಂಗ್ ಔಟ್‌ಸೈಡ್ ಮೈ ಡೋರ್."