ವೈನ್ ತೋಟದವನಿಗೆ ಯಾರು ಹೆಣ್ಣು ಕೊಡ್ತಾರ?

ನಾವು ಬಾಯಿ ಮುಚ್ಚಿಕೊಂಡು ಬಳ್ಳಿ ಕಟ್ಟುತ್ತ ಕೂತರೂ ನಗೆಪಾಟಲು ತಾನೇ ಬೇಲಿ ಹಾರಿ ಒಳಗೆ ಬರುವ ಜಾಗ ನಮ್ಮದು. ಟಿಕೋಟಾ ಹತ್ತಿರದ ಒಂದು ವೈನ್ ಕಾರ್ಖಾನೆಯ ತೋಟದ ಉಸ್ತುವಾರಿ ನನ್ನದು. ಒಂದು ಕಡೆ ವೈನಿಗೆ ಬೇಕಾದ ದ್ರಾಕ್ಷಿ, ಇನ್ನೊಂದು ಕಡೆ ಔಷಧ ಮುಟ್ಟಿಸದೆ ಬೆಳೆಯುವ ಕಾಯಿಪಲ್ಯೆ. ಕೆಲಸ ಚೆನ್ನಾಗಿತ್ತು. ತೊಂದರೆ ಒಂದೇ, ನನಗೆ ಹೆಣ್ಣು ಸಿಗುತ್ತಿರಲಿಲ್ಲ. "ಶೆರೆ ಫ್ಯಾಕ್ಟರ್ಯಾಗ ಇರಾಂವಗ ಯಾರು ಹೆಣ್ಣ ಕೊಡ್ತಾರ?" ಎಂದು ಮೂರು ಕಡೆಯವರು ಚಹಾ ಕುಡಿದು ಎದ್ದು ಹೋಗಿದ್ದರು. ಆಮೇಲಿಂದ ಅವ್ವ ಕೇಳಿದವರಿಗೆಲ್ಲ, "ನನ್ನ ಮಗ ಬದನಿಕಾಯಿ ಬೆಳೀತಾನ್ರಿ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು.

ಗೊನೆ ಕತ್ತರಿಸಿದ ಹುಚ್ಚ

ವೈನ್ ದ್ರಾಕ್ಷಿಗೆ ಗೊನೆ ಕಡಿಮೆ ಇದ್ದಷ್ಟೂ ರಸ ಗಟ್ಟಿ. ಹಾಗಾಗಿ ಕಾಯಿ ಇನ್ನೂ ಹಸಿರಿದ್ದಾಗಲೇ ಅರ್ಧದಷ್ಟು ಗೊನೆ ಕತ್ತರಿಸಿ ನೆಲಕ್ಕೆ ಬಿಡುತ್ತೇವೆ. ಸುತ್ತಲಿನವರು ಒಣದ್ರಾಕ್ಷಿ ಮಾಡುವವರು. ಒಂದು ಕಾಯಿ ಉದುರಿದರೂ ಅವರ ಜೀವ ಚುರ್ ಎನ್ನುತ್ತದೆ. ಹೊನವಾಡದ ಒಬ್ಬ ಹಿರಿಯರು ಬಸ್ಸಿಗೆ ಕಾಯುತ್ತ ನಿಂತವರು ನನ್ನ ಕತ್ತರಿಯಾಟ ನೋಡಿ ಓಡಿ ಬಂದರು.

"ಲೇ ತಮ್ಮಾ, ಯಾರ ಮ್ಯಾಲಿನ ಸಿಟ್ಟು ಬಳ್ಳಿ ಮ್ಯಾಲೆ ತೀರಿಸ್ಕೋತಿ?"

ನಾನು ರಸ, ಸಿಹಿ, ಒಗರು ಎಂದು ಅರ್ಧ ತಾಸು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿ ಹೋದರು. ಸಂಜೆ ನೋಡಿದರೆ ಇನ್ನೂ ನಾಲ್ವರು ಹಿರಿಯರನ್ನು ಕರೆದುಕೊಂಡು ನಮ್ಮ ಮನೆಯಲ್ಲೇ ಕೂತಿದ್ದಾರೆ!

"ಯವ್ವಾ, ಲಗ್ನ ಆಗವಲ್ದು ಅಂತ ಹುಡುಗ ತಲಿಗೆ ಹಚ್ಕೊಂಡಾನ. ಹುಚ್ಚು ಹಿಡಿಯೂ ಲಕ್ಷಣ ಐತಿ."

ಅವ್ವ ಕೈ ಮುಗಿದು, "ಯಜಮಾನ್ರ, ನನ್ನ ಮಗ ಹುಚ್ಚ ಅಂತ ಊರತುಂಬ ಬೇಕಾದ್ರ ಹೇಳ್ರಿ. ಶೆರೆ ಅಂತ ಮಾತ್ರ ಅನಬ್ಯಾಡ್ರಿ!" ಅಂದಳು.

ಹುಳಕ್ಕೂ ಸೂಟಿ

ರವಿವಾರ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಹತ್ತಿರ ಕಾಯಿಪಲ್ಯೆ ಮಾರುತ್ತಿದ್ದೆವು. ಜೊತೆಗೆ ತೋಟದಲ್ಲಿ ದುಡಿಯುವ ಒಬ್ಬ ಮುದುಕಿ, ಎಲ್ಲರ ಬಾಯಲ್ಲೂ ಆಯಿ. ಒಂದು ಸಲ ಆಫೀಸಿನಲ್ಲಿ ನೌಕರಿ ಮಾಡುವ ಹೆಂಗಸೊಬ್ಬರು, ನಮ್ಮ ಕಡೆ ಮಾತಿನಲ್ಲಿ ಬಾಯಾರು, ಬಂದು ನಮ್ಮ ಬದನೆಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ, "ಒಂದೂ ಹುಳುಕಿಲ್ಲ ಅಂದ್ರ ಔಷಧ ಹೊಡದೀರಿ" ಎಂದು ಬುಟ್ಟಿಗೆ ಎಸೆದು ಹೋದರು.

ಮುಂದಿನ ರವಿವಾರ ಕಾಯಿ ಕಾಯಿಗೂ ತೂತು! ಬುಟ್ಟಿ ಅರ್ಧ ತಾಸಿನಲ್ಲಿ ಖಾಲಿಯಾಗುತ್ತ ಬಂತು. ತೂತುಗಳೆಲ್ಲ ಒಂದೇ ಅಳತೆಯವು ಎಂದು ನನಗೆ ಸಂಶಯ ಬಂದು ಆಯಿಯ ಕಡೆ ನೋಡಿದೆ. ಆಕೆ ಚೀಲ ಹೊಲಿಯುವ ದಬ್ಬಣವನ್ನು ಸದ್ದಿಲ್ಲದೆ ಸೊಂಟಕ್ಕೆ ಸಿಗಿಸಿಕೊಂಡಳು. ಅದೇ ಹೊತ್ತಿಗೆ ಆ ಬಾಯಾರು ಮತ್ತೆ ಬಂದು ಒಂದು ಕಾಯಿ ಸೀಳಿಸಿ ನೋಡಿದರು.

"ತೂತು ಐತಿ, ಒಳಗ ಹುಳ ಎಲ್ಲೈತಿ?"

ಆಯಿ ಕಣ್ಣು ಮಿಟುಕಿಸಲಿಲ್ಲ. "ಇವತ್ತ ರವಿವಾರ ಅಲ್ರೀ ಬಾಯಾರ? ನಿಮ್ಮಂಗ ಅದಕ್ಕೂ ಸೂಟಿ!"

ಗೇಟು

ನಮ್ಮ ವಾಚಮನ್ ಸುಳ್ಳು ಹೇಳುವವನಲ್ಲ. ತೋಟ ನೋಡಲು ಬಂದ ಒಬ್ಬರು, "ವೈನ್ ಆರೋಗ್ಯಕ್ಕೆ ಒಳ್ಳೇದಂತ, ಹೌದಾ?" ಎಂದು ಅವನನ್ನು ಕೇಳಿದರು.

"ಆರೋಗ್ಯದ್ದು ನನಗ ಗೊತ್ತಿಲ್ರಿ. ಬರೂವಾಗ ಎಲ್ಲಾರೂ ಗೇಟಿನಿಂದ ಬರ್ತಾರ. ಹೋಗೂವಾಗ ಗೇಟ್ ಎಲ್ಲೈತಿ ಅಂತ ನನ್ನ ಕೇಳ್ತಾರ."

ಎಂಟು ಟಾಕಿ

ಎಳ್ಳಮಾಸಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಬುತ್ತಿಯ ಎಡೆಯನ್ನು ಚರಗ ಚೆಲ್ಲಿ, ಬಂದವರನ್ನೆಲ್ಲ ಕೂಡಿಸಿಕೊಂಡು ಉಣ್ಣುವುದು ನಮ್ಮ ರೂಢಿ. ನಮಗೆ ಸ್ವಂತ ಹೊಲವಿಲ್ಲ. ಅವ್ವ ಮಾಲೀಕರನ್ನು ಕೇಳಿ ಕಾರ್ಖಾನೆಯ ಬದನೆ ಮಡಿಗಳ ಪಕ್ಕದಲ್ಲೇ ಪಂಗತಿ ಹಾಕಿದಳು. ಕರೆದದ್ದು ಬಬಲೇಶ್ವರ ಕಡೆಯ ಒಬ್ಬ ರೈತರನ್ನು ಮತ್ತು ವಿಜಯಪುರದ ಕಾಲೇಜಿನಲ್ಲಿ ಪಾಠ ಹೇಳುವ ಅವರ ಮಗಳನ್ನು. ಮಗ ಬದನೆಕಾಯಿ ಬೆಳೆಯುವುದನ್ನು ಹೆಣ್ಣಿನವರು ಕಣ್ಣಾರೆ ನೋಡಲಿ ಎಂಬುದು ಅವ್ವನ ಹೂಟ. ನಾನು ಗೇಟಿನ ಬೋರ್ಡಿಗೆ ತಾಡಪತ್ರಿ ಹೊದಿಸಿದೆ. ಆದರೆ ವೈನ್ ತುಂಬಿಕೊಂಡು ಸಾಲಾಗಿ ನಿಂತ ಎಂಟು ಸ್ಟೀಲ್ ಟಾಕಿಗಳಿಗೆ ಏನು ಹೊದಿಸುವುದು?

ಸಜ್ಜಿ ರೊಟ್ಟಿ ಮುರಿಯುತ್ತಿದ್ದ ರೈತರು ಕೇಳಿಯೇಬಿಟ್ಟರು. "ಅವೇನ್ರಿ?"

"ನೀರಿನ ಟಾಕಿರಿ!" ಅವ್ವನ ಬಾಯಿಂದ ಹಾರಿತು.

ರೈತರ ಕೈ ನಿಂತಿತು. "ಎಂಟು ಟಾಕಿ ನೀರು! ಯವ್ವಾ, ನಾ ಮೂರು ಬೋರ್ ಕೊರಿಸಿದ್ರೂ ಬರೇ ಧೂಳ ಬಂತು. ಕೊಟ್ರ ಇಂಥಾ ಜಾಗಾಕ್ಕ ಕೊಡಬೇಕ ನೋಡ್ರಿ ಮಗಳನ್ನ!"

ಅವ್ವ ಖುಷಿಗೆ ಅವರ ಎಲೆಗೆ ಎರಡು ಶೇಂಗಾ ಹೋಳಿಗೆ ಹಾಕಿದಳು. ಆಗಲೇ ವಾಚಮನ್ ಊಟಕ್ಕೆ ಬಂದ. ಬೋರ್ ಕೊರೆಸಿದವರು ಬಿಟ್ಟಾರೆಯೆ?

"ಏನಪಾ, ಸಿಹಿನೀರೋ, ಸವುಳೋ?"

"ಎರಡೂ ಅಲ್ರಿ. ಒಗರು."

"ಬಣ್ಣ?"

"ನಾಕರಾಗ ಕೆಂಪು, ನಾಕರಾಗ ಬಿಳಿ."

"ದನಾ ಕುಡೀತಾವು?"

"ದನಾ ಮೂಸೂದಿಲ್ರಿ. ಮಂದಿ ಅಷ್ಟ ಕುಡೀತಾರ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಕಾಕಾರ, ಅದು ನೀರಲ್ರಿ, ವೈನ್" ಎಂದೆ.

"ಎಂಟೂ?"

"ಎಂಟೂರಿ."

"ಒಂದರಾಗರ...?"

"ಇಲ್ರಿ."

ಅವರ ಮುಖದಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. "ಶೆರೆ ಅಂತ ಮೊದಲ ಹೇಳಿದ್ರ ಒಂದು ಮಾತು. ನೀರು ಅಂತ ಆಸೆ ಹಚ್ಚಿ ಹಿಂಗ ಮಾಡಬಾರದಿತ್ರಿ. ಏಳವಾ, ಹೋಗೂಣು. ಸುಳ್ಳಗಾರಗ ಹೆಣ್ಣ ಕೊಡಾಂವಲ್ಲ ನಾ."

ಆ ಹುಡುಗಿ ಬಂದು ಕೂತ ಗಳಿಗೆಯಿಂದ ನನ್ನ ಮನಸ್ಸಿಗೆ ಬಂದಿದ್ದಳು. ಆಕೆ ಮಾತ್ರ ಏಳಲಿಲ್ಲ. ರೊಟ್ಟಿಗೆ ಬದನೆಕಾಯಿ ಹಚ್ಚಿಕೊಳ್ಳುತ್ತಲೇ ಹೇಳಿದಳು.

"ಅಪ್ಪಾ, ಬೋರ್ಡಿಗೆ ತಾಡಪತ್ರಿ ಹೊಚ್ಯಾರ, ಅದರ ಕೆಳಗ ಮೊಳದುದ್ದ ಬಾಟಲಿ ಚಿತ್ರ ಹೊರಗ ಕಾಣ್ತೈತಿ. ನಾ ಬರೂವಾಗನ ನೋಡೀನಿ. ಇವರಿಗೆ ಒಂದು ಸುಳ್ಳ ನೆಟ್ಟಗ ಹೇಳಾಕ ಬರಂಗಿಲ್ಲ. ಇಂಥಾ ಗಂಡ ಎಲ್ಲಿ ಸಿಗತಾನ? ಏನ ಮುಚ್ಚಿಟ್ರೂ ಸಂಜಿಯೊಳಗ ಸಿಕ್ಕೊಂಡ ಬೀಳ್ತಾನ. ಕುಂದರು, ಹೋಳಗಿ ತಿನ್ನು."

ರೈತರು ಮಗಳನ್ನು ನೋಡಿದರು, ಟಾಕಿಗಳನ್ನು ಇನ್ನೊಮ್ಮೆ ಆಸೆಯಿಂದ ನೋಡಿದರು. ಆಮೇಲೆ ಕೂತು ತುಪ್ಪ ಕೇಳಿದರು.

ಲಗ್ನವಾಗಿ ಎರಡು ವರ್ಷವಾಯಿತು. ಆಕೆ ಅಂದದ್ದರಲ್ಲಿ ಒಂದೇ ತಪ್ಪು. ಸಂಜೆಯವರೆಗೆ ನಾನು ಒಮ್ಮೆಯೂ ತಾಳಿಲ್ಲ, ಮಧ್ಯಾಹ್ನದ ಊಟಕ್ಕೇ ಸಿಕ್ಕಿಬೀಳುತ್ತೇನೆ.