ಬೆವರಿಳಿಸುವ ಪೆಟ್ಟಿಗೆಯವರಿಗೆ ಬೇಕರಿಯವನ ಅಹವಾಲು

ನಮ್ಮ ಬೀದಿಯ ವೆಲ್‌ನೆಸ್ ಸ್ಟುಡಿಯೋದಲ್ಲಿ ವಿರಾಜಮಾನರಾಗಿರುವ, ಒಳಗೆ ಕೂತವರ ಬೆವರಿಳಿಸುವ ಇನ್‌ಫ್ರಾರೆಡ್ ಸೌನಾ ಪೆಟ್ಟಿಗೆಯವರ ಸನ್ನಿಧಿಗೆ,

ಮಾನ್ಯರೇ,

ಅದೇ ಬೀದಿಯಲ್ಲಿ ತಲೆ ನರೆಯುವವರೆಗೆ ಬ್ರೆಡ್ಡು, ಬನ್ನು ಬೇಯಿಸಿಕೊಂಡು ಬಂದಿರುವ ಬೇಕರಿಯವನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಮರದ ಮೈ, ಗಾಜಿನ ಬಾಗಿಲು, ಕೆಂಪು ದೀಪಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ.

ಗಲ್ಲಾದಲ್ಲಿ ನಿಂತು ನಿಂತು ನನ್ನ ಹೆಂಡತಿಯ ಸೊಂಟ ಹಿಡಿದುಕೊಂಡಿತೆಂದು ಮಗಳು ತಮ್ಮಲ್ಲಿ ತಾಯಿಯ ಹೆಸರು ಬರೆಸಿದಳು. ಓವನ್ನಿನ ಪಕ್ಕದಲ್ಲಿ ದಿನವಿಡೀ ಪುಕ್ಕಟೆಯಾಗಿ ಬೆವರುವ ಭಾಗ್ಯವಿರುವಾಗ ದುಡ್ಡು ಕೊಟ್ಟು ಬೆವರುವುದೆಂದರೆ ಮೀನಿಗೆ ಈಜು ಕಲಿಸಲು ಮೇಷ್ಟರನ್ನು ಇಟ್ಟಂತೆ ಎಂದು ನಾನು ನಕ್ಕೆ. "ಆ ಬಿಸಿ ನಿಮ್ಮದು, ಈ ಬಿಸಿ ನನ್ನದು" ಎಂದವಳೇ ಹೆಂಡತಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಳು.

ಅಂದಿನಿಂದ ತಮ್ಮಲ್ಲಿಗೆ ಹೋದಾಗಲೆಲ್ಲ ಏನೋ ಗುನುಗುತ್ತಾ, ಮುಖ ಅರಳಿಸಿಕೊಂಡು ಮರಳುತ್ತಾಳೆ. ಇಷ್ಟು ವರ್ಷ ನನ್ನೊಡನೆ ಏಗಿದರೂ ಬಾರದ ನಗು ತಮ್ಮೊಳಗೆ ಅರ್ಧ ಗಂಟೆ ಕೂತರೆ ಬರುತ್ತದೆಂದರೆ ತಮ್ಮ ಮಹಿಮೆಯನ್ನು ಹೇಗೆ ಕೊಂಡಾಡಲಿ? ನನಗಂತೂ ಹೊಟ್ಟೆ ಉರಿಯಿತು.

ಗುಟ್ಟೇನೆಂದು ತಿಳಿಯಲು ಮೊನ್ನೆ ನಾನೂ ಬಂದು ಕೂತದ್ದು ತಮಗೆ ನೆನಪಿರಬಹುದು. ಹದ ಬಂತೇ ಎಂದು ತಿಳಿಯಲು ಒಂದು ವಾಸನೆಯೂ ಇಲ್ಲದ್ದರಿಂದ ಆಗಾಗ ಬಾಗಿಲು ತೆಗೆದು ಬೆಳಕಿನಲ್ಲಿ ಮೈಬಣ್ಣ ನೋಡಿಕೊಂಡೆ. ಟ್ರೇಯನ್ನು ನಡುವೆ ಒಮ್ಮೆ ತಿರುಗಿಸದಿದ್ದರೆ ಒಂದು ಬದಿ ಸೀದುಹೋಗುವುದು ನಮ್ಮ ಕಸುಬಿನ ಮೊದಲ ಪಾಠವಾದ್ದರಿಂದ, ಅರ್ಧ ಹೊತ್ತಾದೊಡನೆ ಎದ್ದು ಗೋಡೆಗೆ ಮುಖ ಮಾಡಿ ನಿಂತೆ. ಸ್ಟುಡಿಯೋದ ಮೇಲ್ವಿಚಾರಕಿಯವರು ಓಡಿಬಂದು ತಲೆ ಸುತ್ತುತ್ತಿದೆಯೇ ಎಂದು ಕೇಳಿದಾಗ "ಇಲ್ಲಮ್ಮ, ಈ ಮಗ್ಗುಲೂ ಬೇಯ್ಬೇಕಲ್ಲ" ಎಂದು ವಿನಯದಿಂದಲೇ ಉತ್ತರಿಸಿದೆ. ಆಮೇಲೆ ತಮ್ಮ ಮೌನ ತಡೆಯಲಾರದೆ, ರೂಢಿಬಲದಿಂದ "ಏ, ಇವಳೇ, ನೀರು ತಾ" ಎಂದು ಕೂಗಿದ್ದೂ ನಿಜ. ಮತ್ತೆ ಮೇಲ್ವಿಚಾರಕಿಯವರೇ ಓಡಿಬಂದರು.

ಅಂಥದ್ದೇನು ಸುಖವಿದೆ ಅಲ್ಲಿ ಎಂದು ಮನೆಯಲ್ಲಿ ಹೆಂಡತಿಯನ್ನೇ ಕೇಳಿದೆ. "ಅಲ್ಲಿ ನನ್ನನ್ನ ಯಾರೂ ಕೂಗಲ್ಲ ಕಣ್ರೀ, ಅಷ್ಟೇ" ಎಂದಳು. ಮಾನ್ಯರೇ, ಇವಳು ಹೀಗೇ ನಗುನಗುತ್ತಾ ದೂರವಾಗಿಬಿಟ್ಟರೆ ನನ್ನ ಗತಿಯೇನು ಎಂದು ಭಯವಾಯಿತು.

ಆದ್ದರಿಂದ ಬಿನ್ನಹವೇನೆಂದರೆ, ಅವಳ ಸೊಂಟವನ್ನು ವಾಸಿಮಾಡಿ, ಮನಸ್ಸನ್ನು ಮಾತ್ರ ಮನೆಗೆ ಕಳುಹಿಸಿಕೊಡಿ. ಅದು ಆಗದಿದ್ದರೆ ತಾವೂ ಆಗಾಗ "ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಅವಳನ್ನು ಕೂಗುತ್ತಿರಿ, ಆಗ ನಾವಿಬ್ಬರೂ ಸಮಸಮ ಆಗುತ್ತೇವೆ. ಅದೂ ಒಗ್ಗದಿದ್ದರೆ ಒಂದು ದಿನದ ಮಟ್ಟಿಗೆ ನಮ್ಮ ಗಲ್ಲಾದಲ್ಲಿ ಬಂದು ನಿಂತು, ಸಂಜೆಯ ಹೊತ್ತಿಗೆ ತಮ್ಮ ಕೆಂಪು ದೀಪ ಇಷ್ಟೇ ಶಾಂತವಾಗಿ ಉರಿಯುತ್ತದೆಯೇ ಎಂದು ತೋರಿಸಿಕೊಡಬೇಕು.

ಎರಡೂ ಮಗ್ಗುಲು ಸಮನಾಗಿ ಬೆಂದಿರುವ,
ತಮ್ಮ ವಿಶ್ವಾಸಿ,
ಬೇಕರಿಯವನು

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಇದು ಅವಳ ಕೈಗೆ ಸಿಕ್ಕಿತು. ಮೊದಲಿಂದ ಕೊನೆಯವರೆಗೆ ಓದಿ, "ಒಂದು ಪೆಟ್ಟಿಗೆಗೆ ಇಷ್ಟು ಸಲ ಮಾನ್ಯರೇ, ತಾವು ಅಂದಿದ್ದೀರಲ್ಲ, ನನ್ನನ್ನ ಯಾವತ್ತಾದರೂ ಹೆಸರು ಹಿಡಿದು ಕರೆದಿದ್ದೀರಾ?" ಎಂದು ಕೇಳಿದಳು. ಬ್ರೆಡ್ಡು ನೋಡುವ ನೆಪದಲ್ಲಿ ಓವನ್ ಬಾಗಿಲು ತೆಗೆದೆ. ಒಳಗೆ ಟ್ರೇ ಇಟ್ಟೇ ಇರಲಿಲ್ಲ.