ಮೊದಲು ಬಾರ್ಡರ್, ಆಮೇಲೆ ಸೇತುವೆ

ಹಾರೂಗೇರಿಯ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು. ಸ್ಕೇಲಿಲ್ಲದೆ ನೇರ ಗೆರೆ ಎಳೆಯುತ್ತೇನೆ, ಕೈವಾರವಿಲ್ಲದೆ ವರ್ತುಲ ಬರೆಯುತ್ತೇನೆ. ಗೆರೆ ಎಳೆಯುವ ಆಟವೊಂದರಲ್ಲಿ ನೀನು ಮಣ್ಣು ಮುಕ್ಕುತ್ತೀ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಯಾರೂ ಹೇಳಲಿಲ್ಲ. ಅದೇ ತಪ್ಪಾಯಿತು!

ಆ ವರ್ಷ ಕಬ್ಬಿನ ಹಂಗಾಮಿನಲ್ಲಿ ನನ್ನ ಹೆಂಡತಿ ಶಾಲನ್ ಕಾಲು ಮುರಿದುಕೊಂಡಳು. ಅವಳು ಅಂಗನವಾಡಿ ಟೀಚರ್. ಮನೆಗೆ ಬರುವಾಗ, ಟ್ರ್ಯಾಕ್ಟರಿನಿಂದ ರಸ್ತೆಗೆ ಬಿದ್ದಿದ್ದ ಕಬ್ಬಿನ ಮೇಲೆ ಕಾಲಿಟ್ಟು ಜಾರಿದ್ದಳು. ಎಂಟು ವಾರ ಪ್ಲಾಸ್ಟರ್! ದಿನವಿಡೀ ಮಕ್ಕಳ ಹಿಂದೆ ಓಡುತ್ತಿದ್ದವಳು ಗೋಡೆ ನೋಡುತ್ತ ಮಲಗಿದ್ದು ಕಂಡು ನನಗೆ ಊಟ ಸೇರುತ್ತಿರಲಿಲ್ಲ. ಮಿರಜದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ವಿದ್ಯಾ, ನೋಡಲು ಬಂದವಳು, ತನ್ನ ಟ್ಯಾಬಿನಲ್ಲಿ ಒಂದು ಆಟ ಹಾಕಿಕೊಟ್ಟು ಹೋದಳು.

ಆಟ ಸರಳ. ಬೆನ್ನಿಗೆ ಚೀಲ ಹಾಕಿಕೊಂಡ ಪುಟ್ಟ ಹುಡುಗಿ ಮನೆಗೆ ಹೊರಟಿದ್ದಾಳೆ. ದಾರಿಯಲ್ಲಿ ಹಳ್ಳ, ದಿಣ್ಣೆ, ಬಂಡೆ. ನಾವು ಬೆರಳಿನಿಂದ ಬರೆದದ್ದು ಅಲ್ಲಿ ನಿಜವಾಗುತ್ತದೆ. ಹಳ್ಳದ ಮೇಲೆ ಗೆರೆ ಎಳೆದರೆ ಅದೇ ಸೇತುವೆ. ಒಂದು ತಿಂಗಳಲ್ಲಿ ಶಾಲನ್ ಮೂವತ್ತೊಂಬತ್ತು ಹಂತ ದಾಟಿದಳು. ಉಳಿದದ್ದು ಒಂದೇ.

"ನನಗಂತೂ ನಡ್ಯಾಕ ಬರವಲ್ದು, ಆ ಹುಡುಗಿಯಾದ್ರೂ ನಡೀಲಿ" ಎನ್ನುತ್ತಿದ್ದಳು. "ಪ್ಲಾಸ್ಟರ್ ಬಿಚ್ಚೂದರಾಗ ಅಕಿನ್ನ ಮನಿ ಮುಟ್ಟಸ್ತೀನಿ ನೋಡ್ರಿ."

ಆದರೆ ಅವಳ ಗೆರೆಗಳು! ಒಂದೂ ನೆಟ್ಟಗಿರಲಿಲ್ಲ. ನನಗೆ ಸಂಕಟವಾಗುತ್ತಿತ್ತು.

"ಇದಕ್ಕ ಸೇತುವೆ ಅಂತಾರೇನು? ಹಾವು ಸತ್ತು ಬಿದ್ದಾಂಗ ಐತಿ."

"ಹುಡುಗಿ ದಾಟಿದ್ಲಿಲ್ರಿ? ನಿಮಗೇನ ತ್ರಾಸ?"

ಕೊನೆಯ ಹಂತದಲ್ಲಿ ಅವಳು ಮೂರು ದಿನ ಸಿಕ್ಕಿಕೊಂಡಳು. ನನ್ನೊಳಗಿನ ಕಲಾವಿದ ಎದ್ದು ಕುಳಿತ. ಭಾನುವಾರ ಮಧ್ಯಾಹ್ನ ಅವಳು ನಿದ್ದೆ ಹೋದಾಗ ಟ್ಯಾಬ್ ಎತ್ತಿಕೊಂಡೆ. ಅವಳು ಏಳುವುದರೊಳಗೆ ಹುಡುಗಿ ಮನೆ ಮುಟ್ಟಿರಬೇಕು, ಅವಳಿಗೆ ಖುಷಿಯಾಗಬೇಕು ಎಂಬುದಷ್ಟೇ ನನ್ನ ಘನ ಉದ್ದೇಶ.

ಬಾರ್ಡರ್ ಹಾಕದೆ ಚಿತ್ರಕ್ಕೆ ಕೈ ಹಚ್ಚಬಾರದು. ಇದು ನೂರಾರು ಮಕ್ಕಳಿಗೆ ಕಿವಿ ಹಿಂಡಿ ಕಲಿಸಿದ ನನ್ನ ಮೊದಲ ಪಾಠ. ಪರದೆಯ ನಾಲ್ಕೂ ಕಡೆ ಅಚ್ಚುಕಟ್ಟಾಗಿ ಬಾರ್ಡರ್ ಹಾಕಿದೆ. ಅದು ಗೋಡೆಯಾಯಿತು! ಹುಡುಗಿ ಜೈಲಿನಲ್ಲಿ!

ಅಳಿಸಿದೆ. ಮೂರು ಕಂಬ, ಎರಡು ಕಮಾನಿನ ಭವ್ಯ ಸೇತುವೆ ಬರೆದೆ. ಕಮಾನಿಗೆ ಶೇಡಿಂಗ್ ಕೊಟ್ಟೆ. ಶೇಡಿಂಗಿನ ಭಾರಕ್ಕೆ ಸೇತುವೆ ಕುಸಿಯಿತು. ಮೂರನೆಯ ಸಲ ಶೇಡಿಂಗ್ ಬಿಟ್ಟೆ, ಸೇತುವೆ ನಿಂತಿತು, ಹುಡುಗಿ ಅರ್ಧ ದಾಟಿದಳು. ಆನಂದದಲ್ಲಿ ರೂಢಿಯಂತೆ ಬಲಮೂಲೆಯಲ್ಲಿ ಸಹಿ ಹಾಕಿದೆ. ಸಹಿ ಬಂಡೆಯಾಗಿ, ಉರುಳುತ್ತ ಬಂದು, ಹುಡುಗಿಯನ್ನು ಹಳ್ಳಕ್ಕೆ ಕೆಡವಿತು. ನನ್ನ ಸಹಿಗೆ ಅಷ್ಟು ತೂಕವಿದೆ ಎಂದು ಅಂದೇ ಗೊತ್ತಾಗಿದ್ದು!

ಹಾಳೆ ಕೆಟ್ಟರೆ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ? ಹೊಸ ಹಾಳೆ ಕೇಳುತ್ತಾರೆ. ಮೂಲೆಯಲ್ಲಿ ಇಂಗ್ಲಿಷಿನಲ್ಲಿ 'ಹೊಸದು' ಎಂದು ಬರೆದ ಗುಂಡಿ ಇತ್ತು. ಒತ್ತಿದೆ. ಅದು ಇಂಗ್ಲಿಷಿನಲ್ಲೇ ಉದ್ದಕ್ಕೆ ಏನೋ ಕೇಳಿತು. ಓದುವ ವ್ಯವಧಾನ ಯಾರಿಗಿತ್ತು? ಹೌದು ಎಂದು ಒತ್ತಿದೆ. ಹೊಸ ಹಾಳೆ ಬಂತು. ಮೊದಲನೆಯ ಹಂತದ ಹಾಳೆ! ಮೂವತ್ತೊಂಬತ್ತೂ ಮಾಯ!

ಅಂಗಳಕ್ಕೆ ಓಡಿ ಮಗಳಿಗೆ ಫೋನ್ ಹಚ್ಚಿದೆ.

"ಪಪ್ಪಾ, ಏನ ಒತ್ತಿದ್ರಿ?"

"ಹೊಸಾ ಹಾಳಿ ಕೇಳಿದ್ನೆವಾ."

"ಅದು ತಿರಗಿ ಬರಂಗಿಲ್ರಿ. ಮಮ್ಮಿಗೆ ನೀವ ಹೇಳ್ರಿ, ನಾ ಹೇಳಾಂಗಿಲ್ಲ."

ಹೇಳಿದೆ. ಬೈಗುಳಕ್ಕೆ ತಲೆಬಗ್ಗಿಸಿ ಕಾದೆ. ಶಾಲನ್ ಬೈಯಲಿಲ್ಲ. ಟ್ಯಾಬನ್ನು ಪಕ್ಕಕ್ಕಿಟ್ಟು, "ಅಷ್ಟ ದೂರ ಹೋಗಿದ್ಲಲ್ರಿ" ಎಂದಳು. ಕಣ್ಣು ತುಂಬಿದ್ದವು. ಆ ಮಂಚದಿಂದ ಅಷ್ಟು ದೂರ ನಡೆದು ಹೋದವಳು ಇವಳೇ ಎಂದು ಆಗ ಹೊಳೆಯಿತು. ನಾನು ಎಳೆದು ತಂದು ಮತ್ತೆ ಮಲಗಿಸಿದ್ದೆ. ನನ್ನ ಸಂಸಾರದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಸಂಜೆ ಚಹಾ ಮಾಡಿಕೊಟ್ಟೆ. ಅರ್ಧ ಕುಡಿದು, "ಬರ್ರಿ ಇಲ್ಲೆ" ಎಂದಳು. "ಮೊದಲಿಂದ ಚಾಲೂ ಮಾಡೂಣು. ನೀವು ಟ್ಯಾಬ್ ಹಿಡೀರಿ. ಗೆರಿ ಮಾತ್ರ ಹೊಡೀಬ್ಯಾಡ್ರಿ!"

ಎರಡು ವಾರ ನಾನು ಹಿಡಿದು ಕುಳಿತೆ. ಕೆಮ್ಮು ಬಂದರೂ ಅನುಮತಿ ಕೇಳಿ ಕೆಮ್ಮಿದೆ. ಅವಳು ಸತ್ತ ಹಾವುಗಳನ್ನು ಎಳೆಯುತ್ತ ಹೋದಳು, ಹುಡುಗಿ ದಾಟುತ್ತ ಹೋದಳು. ನಲವತ್ತನೆಯ ಹಂತದಲ್ಲಿ ಒಂದೇ ಒಂದು ಸೊಟ್ಟ ಗೆರೆ! ಹುಡುಗಿ ಓಡಿ ಹೋಗಿ ಮನೆಯ ಬಾಗಿಲು ಬಡಿದಳು. ಶಾಲನ್ ಚಪ್ಪಾಳೆ ತಟ್ಟಿದಳು. ನಾನು ಕಣ್ಣೊರೆಸಿಕೊಂಡೆ, ಟ್ಯಾಬ್ ಕೈಯಿಂದ ಬೀಳದಂತೆ.

ಮೂರು ದಿನದ ನಂತರ ಪ್ಲಾಸ್ಟರ್ ಬಿಚ್ಚಿದರು. ಇನ್ನು ಮೆಲ್ಲಗೆ ನಡೆಯಿರಿ ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಶಾಲನ್ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಳು. ಕಾಲು ಕಿತ್ತಿಡಲು ಧೈರ್ಯವಿಲ್ಲ. ನಾನು ತಕ್ಷಣ ಸೀಮೆಸುಣ್ಣ ತಂದು ಅಂಗಳದಲ್ಲಿ ಉದ್ದಕ್ಕೆ ಗೆರೆ ಎಳೆದು, ಹೆಜ್ಜೆ ಹೆಜ್ಜೆಗೆ ಗುರುತು ಹಾಕಿದೆ.

"ನೋಡು, ಹಿಂಗ ಇದರ ಮ್ಯಾಲ ನಡ್ಕೊಂತ ಬಾ."

ಅವಳು ಗೆರೆಯನ್ನು ನೋಡಿದಳು. ನನ್ನನ್ನು ನೋಡಿದಳು.

"ಅದನ್ನ ಒಗೀರಿ ಅತ್ಲಾಗ. ಕೈ ಕೊಡ್ರಿ."

ಕೊಟ್ಟೆ. ಗಟ್ಟಿಯಾಗಿ ಹಿಡಿದುಕೊಂಡಳು. ಆದರೂ ಹೆಜ್ಜೆ ಎತ್ತಲಿಲ್ಲ.

"ಅಂಜಬ್ಯಾಡ, ನಾ ಅದೀನಲ್ಲ" ಎಂದೆ.

"ಅದs ತ್ರಾಸ ಆಗೇತ್ರಿ" ಎಂದಳು. "ಬಾಜೂಕ ಸರೀರಿ. ದಾರಿಗೆ ಅಡ್ಡ ನಿಂತೀರಿ!"